ಚೀನಿ ಬಲ್ಲವರು ಬೇಕು ಅಂತಾರೆ, ಕಲಿಸುವವರು ಎಲ್ಲಿ?

2025ರ ಅಕ್ಟೋಬರ್ 26ರ ರಾತ್ರಿ ಕೋಲ್ಕತ್ತದಿಂದ ಚೀನಾದ ಗುವಾಂಗ್‌ಝೌಗೆ ನೇರ ವಿಮಾನ ಹೊರಟಿತು. ಐದು ವರ್ಷಕ್ಕೂ ಹೆಚ್ಚು ಕಾಲ ನಿಂತಿದ್ದ ಸಂಚಾರ ಅದು. ಅದೇ ವರ್ಷ ಬೇಸಿಗೆಯಲ್ಲಿ ಕೈಲಾಸ ಮಾನಸ ಸರೋವರ ಯಾತ್ರೆ ಮತ್ತೆ ಶುರುವಾಗಿತ್ತು. ಜುಲೈನಲ್ಲಿ ಚೀನಾದವರಿಗೆ ಪ್ರವಾಸಿ ವೀಸಾ ಕೊಡಲು ಭಾರತ ಒಪ್ಪಿತು. ಆಗಸ್ಟ್ ಕೊನೆಗೆ ತಿಯಾನ್‌ಜಿನ್‌ನಲ್ಲಿ ಮೋದಿ ಮತ್ತು ಷಿ ಜಿನ್‌ಪಿಂಗ್ ಕೈಕುಲುಕಿದರು.

ಇಷ್ಟೇ ಆಗಿದ್ದರೆ ಕಥೆ ಸರಳ. ಆದರೆ ಅದೇ ಜುಲೈನಲ್ಲಿ ಇನ್ನೊಂದು ಸುದ್ದಿಯೂ ಬಂತು. ದಕ್ಷಿಣ ಭಾರತದ ಐಫೋನ್ ಕಾರ್ಖಾನೆಗಳಲ್ಲಿದ್ದ ನೂರಾರು ಚೀನಿ ಎಂಜಿನಿಯರುಗಳನ್ನು ಆ ಫೋನು ಜೋಡಿಸುವ ತೈವಾನಿನ ಕಂಪನಿ ಫಾಕ್ಸ್‌ಕಾನ್ ವಾಪಸ್ ಕರೆಸಿಕೊಂಡಿತ್ತು. ಒಂದು ಕಡೆ ಬಾಗಿಲು ತೆರೆಯುತ್ತಿದೆ, ಇನ್ನೊಂದು ಕಡೆ ಜನ ಹೋಗುತ್ತಿದ್ದಾರೆ. ಇದರ ನಡುವೆ ಪಿಯುಸಿ ಮುಗಿಸಿದ ಹುಡುಗ ಹುಡುಗಿಯರು, ಅವರ ಅಪ್ಪ ಅಮ್ಮ ಕೇಳುವ ಪ್ರಶ್ನೆ ಒಂದೇ. ಮ್ಯಾಂಡರಿನ್ (ಚೀನಾದ ಮುಖ್ಯ ಭಾಷೆ, ನಾವು ಚೀನಿ ಅನ್ನುವುದು ಇದನ್ನೇ) ಕಲಿತರೆ ಕೆಲಸ ಸಿಗುತ್ತಾ? ಸರ್ಕಾರ ಅದನ್ನು ಬ್ಯಾನ್ ಮಾಡಿದೆ ಅಂತಾರಲ್ಲ, ನಿಜವಾ?

ಬ್ಯಾನ್ ಆಗಿಲ್ಲ. ಕೆಲಸವೂ ಇದೆ. ತೊಂದರೆ ಇರುವುದು ಇವೆರಡರ ನಡುವೆ, ಕಲಿಸುವ ವಿಶ್ವವಿದ್ಯಾಲಯದಲ್ಲಿ.

ಪಟ್ಟಿಯಿಂದ ಬಿಟ್ಟಿದ್ದು, ಪರಿಶೀಲನೆಗೆ ಹಾಕಿದ್ದು

ಬ್ಯಾನ್ ಅನ್ನುವ ಮಾತು ಹುಟ್ಟಿದ್ದು 2020ರಲ್ಲಿ. 2019ರ ರಾಷ್ಟ್ರೀಯ ಶಿಕ್ಷಣ ನೀತಿಯ ಕರಡಿನಲ್ಲಿ ಶಾಲೆಗಳಲ್ಲಿ ಕಲಿಸಬಹುದಾದ ವಿದೇಶಿ ಭಾಷೆಗಳ ಉದಾಹರಣೆ ಕೊಡುವಾಗ ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಜಪಾನಿ ಜೊತೆ ಚೀನಿಯ ಹೆಸರೂ ಇತ್ತು. 2020ರ ಜೂನ್ 15ರಂದು ಗಾಲ್ವಾನ್ ಘರ್ಷಣೆ ನಡೆಯಿತು. ಜುಲೈ 29ಕ್ಕೆ ಬಂದ ಅಂತಿಮ ನೀತಿಯಲ್ಲಿ ಕೊರಿಯನ್, ಥಾಯ್, ಪೋರ್ಚುಗೀಸ್, ರಷ್ಯನ್ ಸೇರಿಕೊಂಡವು. ಚೀನಿ ಮಾಯವಾಗಿತ್ತು. ಆದರೆ ಆ ಪಟ್ಟಿ ಬರೀ ಉದಾಹರಣೆ, ಅದೂ ಪ್ರೌಢಶಾಲೆ ಹಂತಕ್ಕೆ. ಅದರಲ್ಲಿಲ್ಲದ ಭಾಷೆ ಕಲಿಸಬಾರದು ಅಂತ ನೀತಿ ಎಲ್ಲೂ ಹೇಳಿಲ್ಲ. ವಿಶ್ವವಿದ್ಯಾಲಯಗಳ ಚೀನಿ ವಿಭಾಗಗಳನ್ನಂತೂ ಮುಟ್ಟಿಯೇ ಇಲ್ಲ.

ಅದೇ ಹೊತ್ತಿಗೆ ಶಿಕ್ಷಣ ಸಚಿವಾಲಯ ಇನ್ನೊಂದು ಕೆಲಸ ಮಾಡಿತು. ಚೀನಾ ಸರ್ಕಾರದ ದುಡ್ಡಿನಲ್ಲಿ ಚೀನಿ ಕಲಿಸುವ ಕನ್‌ಫ್ಯೂಷಿಯಸ್ ಇನ್‌ಸ್ಟಿಟ್ಯೂಟ್‌ಗಳ ಜೊತೆ ಒಪ್ಪಂದ ಮಾಡಿಕೊಂಡಿದ್ದ ಮುಂಬೈ ವಿವಿ, ವೆಲ್ಲೂರಿನ ವಿಐಟಿ, ಕೊಯಮತ್ತೂರಿನ ಭಾರತಿಯಾರ್ ವಿವಿ ಸೇರಿದಂತೆ ಏಳು ಸಂಸ್ಥೆಗಳ ಕೆಲಸವನ್ನು ಪರಿಶೀಲಿಸುವುದಾಗಿ ಹೇಳಿತು. ಚೀನಾದ ಸಂಸ್ಥೆಗಳ ಜೊತೆ ಬೇರೆ ಬೇರೆ ವಿದ್ಯಾಸಂಸ್ಥೆಗಳು ಮಾಡಿಕೊಂಡ 54 ಒಪ್ಪಂದಗಳೂ ಆ ಪಟ್ಟಿಯಲ್ಲಿದ್ದವು. ಚೀನಾ ಜೊತೆ ಯಾವುದೇ ಹೊಸ ಒಪ್ಪಂದಕ್ಕೆ ಗೃಹ ಮತ್ತು ವಿದೇಶಾಂಗ ಸಚಿವಾಲಯಗಳ ಒಪ್ಪಿಗೆ ಬೇಕು ಅಂತ ಯುಜಿಸಿ 2019ರಲ್ಲೇ ಹೇಳಿತ್ತು.

ಕಾಗದದ ಮೇಲೆ ಇವು ಎಚ್ಚರಿಕೆಯ ಕ್ರಮಗಳು. ಕ್ಯಾಂಪಸ್ಸಿನಲ್ಲಿ ಅವಕ್ಕೆ ಬೇರೆಯೇ ಅರ್ಥ ಬಂತು. ಕುಲಪತಿಗಳ ಕಚೇರಿಯಲ್ಲಿ 'ಚೀನಾ' ಅಂತ ಬರೆದ ಫೈಲು ಬಂದರೆ ಯಾಕಪ್ಪಾ ತಲೆನೋವು ಅಂತ ಪಕ್ಕಕ್ಕಿಡುವುದೇ ಸುಲಭ. ಬ್ಯಾನ್ ಅಂತ ಯಾರೂ ಆದೇಶ ಹೊರಡಿಸಬೇಕಾಗಿಲ್ಲ. ಫೈಲು ಸುಮ್ನೆ ಕೂತರೆ ಸಾಕು.

ಶಾಲೆಯ ಪಟ್ಟಿಗೂ ವಿವಿಗೂ ಏನು ಸಂಬಂಧ ಅಂತ ಕೇಳಬಹುದು. ಇದೆ. ಬೆಂಗಳೂರಿನ ಎಷ್ಟೋ ಶಾಲೆಗಳಲ್ಲಿ ಫ್ರೆಂಚ್, ಜರ್ಮನ್ ಕಲಿಸುತ್ತಾರೆ. ಆ ಭಾಷೆಗಳಲ್ಲಿ ಎಂಎ ಮಾಡಿದವರಿಗೆ ಅಲ್ಲಿ ಕೆಲಸ ಸಿಗುತ್ತದೆ. ಅವರ ಹತ್ತಿರ ಕಲಿತ ಮಕ್ಕಳು ಕಾಲೇಜಿಗೆ ಬರುವಾಗ ಒಂದೆರಡು ಹಂತ ದಾಟಿರುತ್ತಾರೆ. ಚೀನಿಗೆ ಈ ಎರಡೂ ಇಲ್ಲ. ವಿವಿಗೆ ಬರುವ ಪ್ರತಿ ವಿದ್ಯಾರ್ಥಿಯೂ ಸೊನ್ನೆಯಿಂದ ಶುರು ಮಾಡಬೇಕು. ಓದು ಮುಗಿಸಿದವರಿಗೆ ಶಾಲೆಯ ಮೇಷ್ಟ್ರ ಕೆಲಸ ಅನ್ನುವ ದಾರಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಯಾರ ದುಡ್ಡಿನಲ್ಲಿ ಕಲಿತೆವು

ಭಾರತದಲ್ಲಿ ಚೀನಿ ಕಲಿಕೆಯ ಇತಿಹಾಸ ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಅದು ಬಹುಪಾಲು ಬೇರೆಯವರ ದುಡ್ಡಿನಲ್ಲಿ ನಡೆದಿದೆ.

1924ರಲ್ಲಿ ರವೀಂದ್ರನಾಥ ಟ್ಯಾಗೋರರು ಚೀನಾಗೆ ಹೋಗಿ ಬಂದರು. ಮುಂದೆ ತಾನ್ ಯುನ್‌ಷಾನ್ ಅನ್ನುವ ವಿದ್ವಾಂಸ ಶಾಂತಿನಿಕೇತನಕ್ಕೆ ಬಂದು ನೆಲೆಸಿದರು. ಇಬ್ಬರ ಓಡಾಟದಿಂದ 1937ರ ಏಪ್ರಿಲ್ 14ರಂದು ವಿಶ್ವಭಾರತಿಯಲ್ಲಿ ಚೀನಾ ಭವನ ಶುರುವಾಯಿತು. ಕಟ್ಟಡಕ್ಕೆ ದೇಣಿಗೆ, ಗ್ರಂಥಾಲಯಕ್ಕೆ ರಾಶಿ ರಾಶಿ ಪುಸ್ತಕ, ಎಲ್ಲವೂ ಅಂದಿನ ಚೀನಾದಿಂದ ಬಂದವು. ಆಗ ಅಲ್ಲಿ ಚಿಯಾಂಗ್ ಕೈಶೇಕ್ ಆಡಳಿತ. 1949ರಲ್ಲಿ ಆ ಸರ್ಕಾರ ಬಿತ್ತು.

1962ರ ಯುದ್ಧದಲ್ಲಿ ಸೋತ ಮೇಲೆ ನಮಗೆ ಚೀನಾ ಬಗ್ಗೆ ಏನೂ ಗೊತ್ತಿಲ್ಲ ಅನ್ನುವುದು ಅರಿವಾಯಿತು. 1964ರಲ್ಲಿ ದೆಹಲಿ ವಿವಿಯಲ್ಲಿ ಚೀನಾ ಅಧ್ಯಯನ ಕೇಂದ್ರ ತೆರೆದರು. ಅದಕ್ಕೆ ನೆರವು ಕೊಟ್ಟಿದ್ದು ಅಮೆರಿಕದ ಫೋರ್ಡ್ ಫೌಂಡೇಷನ್. ಶೀತಲ ಸಮರದ ಕಾಲ, ಚೀನಾ ಬಗ್ಗೆ ತಿಳಿಯುವ ಆಸಕ್ತಿ ಅಮೆರಿಕಕ್ಕೆ ನಮಗಿಂತ ಜಾಸ್ತಿಯೇ ಇತ್ತು. 2004ರ ನಂತರ ಬೀಜಿಂಗ್‌ನ ಹಾನ್‌ಬಾನ್ ಕಚೇರಿ ಕನ್‌ಫ್ಯೂಷಿಯಸ್ ಇನ್‌ಸ್ಟಿಟ್ಯೂಟ್ ಹೆಸರಲ್ಲಿ ಜಗತ್ತಿನ ವಿವಿಗಳಿಗೆ ಮೇಷ್ಟ್ರು, ಪಠ್ಯ, ದುಡ್ಡು ಮೂರನ್ನೂ ಕಳಿಸತೊಡಗಿತು. ಅದರ ಒಂದು ಸಣ್ಣ ಪಾಲು ಇಲ್ಲಿಗೂ ಬಂತು. 2011ರಿಂದ ತೈವಾನ್ ತನ್ನ ಶಿಕ್ಷಣ ಕೇಂದ್ರಗಳನ್ನು ಇಲ್ಲಿ ತೆರೆಯುತ್ತಾ ಬಂದಿದೆ.

ಇದಕ್ಕೆ ದೊಡ್ಡ ಅಪವಾದ ದೆಹಲಿಯ ಜೆಎನ್‌ಯು. ಅಲ್ಲಿ ಬಿಎಯಿಂದ ಪಿಎಚ್‌ಡಿವರೆಗೆ ಚೀನಿ ಓದಬಹುದು. ಹುದ್ದೆಗಳಿಗೆ ಸಂಬಳ ಕೊಡುವುದು ನಮ್ಮದೇ ಸರ್ಕಾರ. ದೇಶದ ಬೇರೆ ವಿವಿಗಳಲ್ಲಿ ಚೀನಿ ಕಲಿಸುವವರನ್ನು ಕೇಳಿ ನೋಡಿ, ಅವರಲ್ಲಿ ಬಹಳಷ್ಟು ಜನ ಜೆಎನ್‌ಯುನಲ್ಲಿ ಓದಿದವರೇ ಆಗಿರುತ್ತಾರೆ. ಎಷ್ಟೇ ಗಲಾಟೆಯಾದರೂ ಅಲ್ಲಿ ಪಾಠ ನಿಲ್ಲದೆ ನಡೆದಿದ್ದಕ್ಕೆ ಕಾರಣ ಕಾಯಂ ಹುದ್ದೆ. ಹೊರಗಿನ ದುಡ್ಡು ನಿಂತ ಕೂಡಲೇ ನಿಲ್ಲುವ ಕೋರ್ಸಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ.

2200 ಗಂಟೆ

ಚೀನಿ ಕಾರ್ಯಕ್ರಮ ನಡೆಸುವುದು ಬೇರೆ ಭಾಷೆಗಿಂತ ಯಾಕೆ ಕಷ್ಟ ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಸುದ್ದಿಗಳಲ್ಲಿ ಈ ಭಾಗವೇ ಬರುವುದಿಲ್ಲ.

ಅಮೆರಿಕದ ವಿದೇಶಾಂಗ ಇಲಾಖೆ ತನ್ನ ರಾಜತಾಂತ್ರಿಕರಿಗೆ ಭಾಷೆ ಕಲಿಸುತ್ತದೆ. ಅದರ ಅಂದಾಜಿನಲ್ಲಿ ಇಂಗ್ಲಿಷ್ ಮನೆಮಾತಿನವರು ಮ್ಯಾಂಡರಿನ್‌ನಲ್ಲಿ ಕೆಲಸ ಮಾಡುವಷ್ಟು ಪಳಗಲು 88 ವಾರ, ಅಂದರೆ 2200 ತರಗತಿ ಗಂಟೆ ಬೇಕು. ಕನ್ನಡಿಗರಿಗೆ ಇದಕ್ಕಿಂತ ತುಂಬಾ ಕಡಿಮೆ ಸಾಕು ಅನ್ನಲು ಕಾರಣವಿಲ್ಲ. ಪದಗಳಲ್ಲಿ ಹೋಲಿಕೆ ಇಲ್ಲ, ಲಿಪಿಯಂತೂ ಬೇರೆ ಲೋಕ.

ಈಗ ನಮ್ಮ ಟೈಮ್‌ಟೇಬಲ್ ನೋಡೋಣ. ಒಂದು ಸರ್ಟಿಫಿಕೇಟ್ ಕೋರ್ಸಿನಲ್ಲಿ ವಾರಕ್ಕೆ 4 ಗಂಟೆ, ವರ್ಷಕ್ಕೆ 32 ವಾರ ಪಾಠ ಆಗುತ್ತದೆ ಅಂದುಕೊಳ್ಳಿ. ಒಟ್ಟು 128 ಗಂಟೆ. ಈ ವೇಗದಲ್ಲಿ 2200 ಮುಟ್ಟಲು 17 ವರ್ಷ ಬೇಕು! ಪೂರ್ಣಾವಧಿ ಬಿಎಯಲ್ಲಿ ವಾರಕ್ಕೆ 15 ಗಂಟೆ ಸಿಕ್ಕರೆ ವರ್ಷಕ್ಕೆ 480, ಮೂರು ವರ್ಷಕ್ಕೆ 1440. ಇನ್ನೂ ಎಂಎ ಬೇಕು, ಇಲ್ಲವೇ ಒಂದು ವರ್ಷ ಚೀನಾದಲ್ಲೋ ತೈವಾನಿನಲ್ಲೋ ಇದ್ದು ಬರಬೇಕು. 2023ರ ಏಪ್ರಿಲ್‌ನಲ್ಲಿ ಭಾರತೀಯ ಸೇನೆ ಅಸ್ಸಾಮಿನ ತೇಜಪುರ ವಿವಿ ಜೊತೆ ಮ್ಯಾಂಡರಿನ್ ತರಬೇತಿಗೆ ಒಪ್ಪಂದ ಮಾಡಿಕೊಂಡಿತು. ಕೋರ್ಸಿನ ಅವಧಿ 16 ವಾರ. ಗಡಿಯಲ್ಲಿ ಎದುರಿಗಿರುವವನು ಏನು ಹೇಳುತ್ತಿದ್ದಾನೆ ಅಂತ ಸ್ವಲ್ಪ ತಿಳಿಯಲು ಅದು ಖಂಡಿತ ಉಪಯೋಗ. ಮಾತುಕತೆಯಲ್ಲಿ ದುಭಾಷಿಯಾಗಿ ಕೂರಲು ಸಾಲದು. ಎರಡನ್ನೂ 'ಮ್ಯಾಂಡರಿನ್ ಬರುತ್ತೆ' ಅನ್ನುವ ಒಂದೇ ಮಾತಿನಲ್ಲಿ ಹೇಳುವುದರಿಂದಲೇ ಅರ್ಧ ಗೊಂದಲ.

ಎರಡನೆಯ ಕಷ್ಟ ಉಚ್ಚಾರಣೆ. ಮ್ಯಾಂಡರಿನ್‌ನಲ್ಲಿ ನಾಲ್ಕು ಸ್ವರಭಾರಗಳಿವೆ. 'ಮಾಯ್' ಅನ್ನುವುದನ್ನು ಕೆಳಗಿಳಿಸಿ ಹೇಳಿದರೆ ಕೊಳ್ಳುವುದು, ಮೇಲಿಂದ ಬೀಳಿಸಿ ಹೇಳಿದರೆ ಮಾರುವುದು. ಪುಸ್ತಕ ಓದಿ ಇದು ಬರುವುದಿಲ್ಲ. ಯಾರಾದರೂ ಕೂತು ಕೇಳಿಸಿಕೊಂಡು, ಪ್ರತಿಯೊಬ್ಬರನ್ನೂ ತಿದ್ದಬೇಕು. 50 ನಿಮಿಷದ ತರಗತಿಯಲ್ಲಿ 15 ಜನ ಇದ್ದರೆ ತಲೆಗೆ ಮೂರು ನಿಮಿಷ ಸಿಗುತ್ತದೆ, 50 ಜನ ಇದ್ದರೆ ಒಂದೇ ನಿಮಿಷ. ಆದ್ದರಿಂದ ಮೊದಲ ವರ್ಷದಲ್ಲಿ ಸಣ್ಣ ಸಣ್ಣ ಸೆಕ್ಷನ್ ಬೇಕು, ಅಂದರೆ ಜಾಸ್ತಿ ಮೇಷ್ಟ್ರು ಬೇಕು.

ಇಲ್ಲಿ ಒಂದು ಅಡ್ಡ ಮಾತು. ನಮ್ಮ ಮಕ್ಕಳು ಚೀನಿ ಕಲಿಯುವುದು ಬಹುಪಾಲು ಇಂಗ್ಲಿಷ್ ಓದುಗರಿಗಾಗಿ ಬರೆದ ಪಠ್ಯಗಳಲ್ಲಿ. ಚೀನಿಯ ರೋಮನ್ ಬರವಣಿಗೆಯಾದ ಪಿನ್‌ಯಿನ್‌ನಲ್ಲಿ ಬಿ, ಡಿ, ಜಿ ಅಂತ ಬರೆಯುವ ಅಕ್ಷರಗಳ ನಿಜವಾದ ಉಚ್ಚಾರ ಪ, ತ, ಕಗೆ ಹತ್ತಿರ. ಪಿ, ಟಿ, ಕೆ ಅಂತ ಬರೆಯುವುದು ಅವುಗಳ ಮಹಾಪ್ರಾಣ. ಇಂಗ್ಲಿಷ್‌ನವರಿಗೆ ಇದನ್ನು ಬಾಯಿ ಮುಂದೆ ಕಾಗದ ಹಿಡಿದು ಅದು ಅಲುಗಾಡುವುದನ್ನು ತೋರಿಸಿ ಕಲಿಸುತ್ತಾರೆ. ಕನ್ನಡದ ಮಗುವಿಗೆ ಕ ಮತ್ತು ಖ ಬೇರೆ ಅಂತ ಒಂದನೇ ಕ್ಲಾಸಿನಲ್ಲೇ ಗೊತ್ತು. (ಮಾತಾಡುವಾಗ ನಾವು ಮಹಾಪ್ರಾಣವನ್ನು ನುಂಗಿಬಿಡುತ್ತೇವೆ, ಅದು ಬೇರೆ ವಿಷಯ.) ಕನ್ನಡ ಅಕ್ಷರಮಾಲೆಯ ಮೂಲಕ ಕಲಿಸಿದರೆ ಒಂದು ವಾರದಲ್ಲಿ ಮುಗಿಯುವ ಪಾಠ ಇದು. ಪಠ್ಯ ಬರೆಯಲು ಕಾಯಂ ಮೇಷ್ಟ್ರು ಬೇಕು, ಮುಂದಿನ ಸೆಮಿಸ್ಟರ್ ಇರುತ್ತೇನೋ ಇಲ್ಲವೋ ಅನ್ನುವವರು ಯಾಕೆ ಬರೆದಾರು?

ಮೇಲಿನ ತರಗತಿ ಖಾಲಿ

ಕೋರ್ಸ್ ನಡೆಸುವ ಕೋಆರ್ಡಿನೇಟರ್ ಆದವರ ನಿಜವಾದ ತಲೆನೋವು ಶುರುವಾಗುವುದು ಎರಡನೇ ವರ್ಷದಿಂದ. ಚೀನಿಯಲ್ಲಿ ಒಂದು ಹಂತ ದಾಟದೆ ಇನ್ನೊಂದು ಹಂತಕ್ಕೆ ಹೋಗಲು ಆಗುವುದಿಲ್ಲ. ಇತಿಹಾಸದ ಪತ್ರಿಕೆಯ ಹಾಗೆ ಮೂರನೇ ಸೆಮಿಸ್ಟರ್ ಬಿಟ್ಟು ನಾಲ್ಕನೆಯದಕ್ಕೆ ಕೂರುವಂತಿಲ್ಲ. ಚೀನಾದ ಅಧಿಕೃತ ಪರೀಕ್ಷೆ ಎಚ್‌ಎಸ್‌ಕೆಯ ಆರು ಹಂತಗಳ ಹಳೆಯ ಪದ್ಧತಿಯಲ್ಲಿ ನಾಲ್ಕನೇ ಹಂತಕ್ಕೆ 1200 ಪದ ಗೊತ್ತಿರಬೇಕು, ಆರನೆಯದಕ್ಕೆ 5000. ಸುಮಾರಾಗಿ ನಾಲ್ಕನೇ ಹಂತ ದಾಟಿದ ಮೇಲೆಯೇ ಪತ್ರಿಕೆ ಓದುವುದು, ಕೆಲಸದ ಮಾತು ಆಡುವುದು ಶುರು.

ಪ್ರತಿ ಹಂತದಲ್ಲೂ ಜನ ಬಿಡುತ್ತಾರೆ. ಮೊದಲ ವರ್ಷ 40 ಜನ ಇದ್ದ ಕಡೆ ಮೂರನೇ ವರ್ಷಕ್ಕೆ ಎಂಟೋ ಹತ್ತೋ ಉಳಿದರೆ ಅದರಲ್ಲಿ ಆಶ್ಚರ್ಯ ಪಡುವಂಥದ್ದೇನಿಲ್ಲ. ವಿವಿಯ ಲೆಕ್ಕಪತ್ರದಲ್ಲಿ ಎಂಟು ಜನರ ತರಗತಿ ನಷ್ಟದ ಬಾಬ್ತು. 'ಈ ಸಲ ಮೇಲಿನ ತರಗತಿ ಬೇಡ, ಮೊದಲ ವರ್ಷದ ಇನ್ನೊಂದು ಸೆಕ್ಷನ್ ತೆಗೆಯಿರಿ' ಅನ್ನುವ ಸಲಹೆ ಬರುತ್ತದೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ದುಭಾಷಿ, ಅನುವಾದಕ, ನಾಳಿನ ಮೇಷ್ಟ್ರು ಎಲ್ಲರೂ ತಯಾರಾಗುವುದು ಆ ಎಂಟು ಜನರಲ್ಲೇ.

ಇದು ನಮ್ಮಲ್ಲಿ ಮಾತ್ರ ಆಗುವುದಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ವಿವಿ ದುಡ್ಡಿನ ಮುಗ್ಗಟ್ಟಿನಿಂದ ವಿದೇಶಿ ಭಾಷೆಗಳ ಪದವಿಗಳನ್ನೇ ರದ್ದು ಮಾಡಿತು. ಗಲಾಟೆಯಾದ ಮೇಲೆ ಸ್ಪ್ಯಾನಿಷ್ ಮತ್ತು ಚೀನಿಯನ್ನು ಐಚ್ಛಿಕ ವಿಷಯಗಳಾಗಿ ಉಳಿಸಿಕೊಂಡರು. ಪದವಿ ಇಲ್ಲದ ಕಡೆ ಮೇಲಿನ ತರಗತಿಗಳು ಎಷ್ಟು ದಿನ ಉಳಿಯುತ್ತವೆ?

2020ರ ಪೆಟ್ಟು ಈಗ ಕಾಣುತ್ತಿದೆ

2020ರ ಮಾರ್ಚ್ ಕೊನೆಗೆ ಚೀನಾ ವಿದೇಶಿಯರಿಗೆ ಬಾಗಿಲು ಹಾಕಿತು. ಭಾರತದ ವಿದ್ಯಾರ್ಥಿಗಳಿಗೆ ಮತ್ತೆ ವೀಸಾ ಕೊಡತೊಡಗಿದ್ದು 2022ರ ಆಗಸ್ಟ್‌ನಲ್ಲಿ. ಸುದ್ದಿಯಾಗಿದ್ದು ಅಲ್ಲಿ ಎಂಬಿಬಿಎಸ್ ಓದುತ್ತಿದ್ದು ಇಲ್ಲೇ ಸಿಕ್ಕಿಬಿದ್ದ ಸಾವಿರಾರು ಜನರ ಕಷ್ಟ. ಭಾಷೆ ಕಲಿಯುವವರ ಕಥೆ ಯಾರ ಕಣ್ಣಿಗೂ ಬೀಳಲಿಲ್ಲ.

ಲೆಕ್ಕ ಹಾಕಿ. 2020ರಲ್ಲಿ ಬಿಎ ಸೇರಿದವರು ಮೊದಲ ಒಂದೂವರೆ ವರ್ಷ ಆನ್‌ಲೈನ್‌ನಲ್ಲಿ ಸ್ವರಭಾರ ಕಲಿತರು. ಕಡಿಮೆ ನೆಟ್‌ವರ್ಕ್‌ನಲ್ಲಿ, ಮೊಬೈಲ್ ಮೈಕಿನಲ್ಲಿ. ಚೀನಾದಲ್ಲಿ ಒಂದು ವರ್ಷ ಇರುವ ಸ್ಕಾಲರ್‌ಶಿಪ್ ಅವರ ಪಾಲಿಗೆ ಬಹುತೇಕ ಬರಲಿಲ್ಲ. 2023ಕ್ಕೆ ಬಿಎ ಮುಗಿಸಿ 2025ಕ್ಕೆ ಎಂಎ ಮುಗಿಸಿ ಹೊರಬಂದರು. ವಿಮಾನ, ವೀಸಾ, ವ್ಯಾಪಾರ ಎಲ್ಲ ಮತ್ತೆ ತೆರೆದುಕೊಂಡ ಹೊತ್ತಿಗೆ ಕೆಲಸಕ್ಕೆ ಸಿಗುತ್ತಿರುವುದು ಇದೇ ತಂಡ. ತಪ್ಪು ಅವರದಲ್ಲ. ಅವರಲ್ಲಿ ಚೆನ್ನಾಗಿ ಕಲಿತವರೂ ಇದ್ದಾರೆ. ಆದರೆ ಒಟ್ಟಾರೆ ಮಾತು ಆಡಿ ಅಭ್ಯಾಸ ಆಗಬೇಕಾದ ಕಾಲ ಕೈತಪ್ಪಿತು. ಆ ವರ್ಷಗಳಲ್ಲಿ ಚೀನಾದಿಂದ ಮೇಷ್ಟ್ರುಗಳು ಇಲ್ಲಿಗೆ ಬರುವುದೂ ಹೆಚ್ಚುಕಡಿಮೆ ನಿಂತಿತ್ತು.

ಅಂದರೆ ಇವತ್ತಿನ ಕೊರತೆ ಇವತ್ತು ಹುಟ್ಟಿದ್ದಲ್ಲ. ಹಾಗೆಯೇ ಇವತ್ತು ತೆಗೆದುಕೊಳ್ಳುವ ನಿರ್ಧಾರದ ಫಲ ಇವತ್ತು ಕಾಣುವುದಿಲ್ಲ. 2026ರಲ್ಲಿ ಬಿಎಗೆ ಸೇರುವ ವಿದ್ಯಾರ್ಥಿ ಎಂಎ ಮುಗಿಸುವುದು 2031ಕ್ಕೆ. ಆಗ ಗಡಿ ಹೇಗಿರುತ್ತದೆ, ವ್ಯಾಪಾರ ಹೇಗಿರುತ್ತದೆ, ಯಾರಿಗೆ ಗೊತ್ತು? ಸಂಬಂಧ ಕೆಟ್ಟಾಗ ಕೋರ್ಸ್ ನಿಲ್ಲಿಸಿ, ಸುಧಾರಿಸಿದಾಗ ಶುರು ಮಾಡುವುದು ಬಾಯಾರಿದಾಗ ಬಾವಿ ತೋಡಿದ ಹಾಗೆ. ಸಂಬಂಧ ಕೆಟ್ಟಿರುವಾಗಲೇ ಭಾಷೆ ಬಲ್ಲವರು ಹೆಚ್ಚು ಬೇಕಾಗುತ್ತದೆ ಅನ್ನುವುದು ಹೀಗೆ ಮಾಡುವಾಗ ಮರೆತೇ ಹೋಗುತ್ತದೆ.

ಅಮೆರಿಕದವರು ಏನು ಮಾಡಿದರು

ಅಲ್ಲಿ ಕನ್‌ಫ್ಯೂಷಿಯಸ್ ಇನ್‌ಸ್ಟಿಟ್ಯೂಟ್‌ಗಳ ಸಂಖ್ಯೆ 2019ರ ಹೊತ್ತಿಗೆ ನೂರರ ಹತ್ತಿರ ಇತ್ತು. 2018ರಲ್ಲಿ ಬಂದ ರಕ್ಷಣಾ ಕಾಯ್ದೆಯೊಂದು ವಿವಿಗಳ ಮುಂದೆ ಆಯ್ಕೆ ಇಟ್ಟಿತು: ಕನ್‌ಫ್ಯೂಷಿಯಸ್ ಇನ್‌ಸ್ಟಿಟ್ಯೂಟ್ ಇಟ್ಟುಕೊಂಡರೆ ಚೀನಿ ಕಲಿಕೆಗೆ ರಕ್ಷಣಾ ಇಲಾಖೆ ಕೊಡುವ ಹಣ ಸಿಗದು. ವಿವಿಗಳು ಒಂದೊಂದಾಗಿ ಆ ಇನ್‌ಸ್ಟಿಟ್ಯೂಟ್‌ಗಳ ಬಾಗಿಲು ಮುಚ್ಚಿದವು. 2023ಕ್ಕೆ ಐದೂ ಉಳಿದಿರಲಿಲ್ಲ.

ಹಾಗಂತ ಅಲ್ಲಿ ಚೀನಿ ಕಲಿಕೆ ನೆಲಕಚ್ಚಲಿಲ್ಲ. ಕಾಲೇಜುಗಳಲ್ಲಿ ಚೀನಿ ಓದುವವರು 2013ರಲ್ಲಿ ಸುಮಾರು 61 ಸಾವಿರ ಇದ್ದರು, 2021ಕ್ಕೆ ಸುಮಾರು 46 ಸಾವಿರಕ್ಕೆ ಇಳಿದರು. ದೊಡ್ಡ ಇಳಿತವೇ. ಆದರೆ ಅದೇ ಕಾಲದಲ್ಲಿ ಅಲ್ಲಿ ಫ್ರೆಂಚ್, ಜರ್ಮನ್ ಓದುವವರೂ ಕಡಿಮೆಯಾದರು. ಕೊರಿಯನ್ ಓದುವವರು ಏರುತ್ತಾ ಹೋದರು, ಅದಕ್ಕೆ ಕೆ-ಪಾಪ್, ಕೆ-ಡ್ರಾಮಾಗಳ ಕೊಡುಗೆ ಇದ್ದೇ ಇದೆ. ಇನ್‌ಸ್ಟಿಟ್ಯೂಟ್ ಹೋದರೂ ಬಹುಪಾಲು ವಿವಿಗಳಲ್ಲಿ ಪಾಠ ನಡೆದಿದ್ದು ಅಲ್ಲಿ ಮೊದಲೇ ಸ್ವಂತ ವಿಭಾಗ, ಸ್ವಂತ ಪ್ರೊಫೆಸರುಗಳು ಇದ್ದದ್ದರಿಂದ. ಮನೆಯಲ್ಲಿ ಚೀನಿ ಮಾತಾಡುವ ಕುಟುಂಬಗಳ ಮಕ್ಕಳೂ ತರಗತಿಗೆ ಬರುತ್ತಾರೆ. ನಮ್ಮಲ್ಲಿ ಅದೂ ಇಲ್ಲ. ಕೋಲ್ಕತ್ತದ ತಾಂಗ್ರಾದಲ್ಲಿ ಚೀನಿ ಮೂಲದವರಿದ್ದಾರೆ, ಆದರೆ ಅವರ ಮನೆಮಾತು ಹೆಚ್ಚಾಗಿ ಹಕ್ಕಾ, ಅದು ಮ್ಯಾಂಡರಿನ್ ಅಲ್ಲದ ಬೇರೆ ಚೀನಿ ಮಾತು. 1962ರಲ್ಲಿ ಆ ಸಮುದಾಯದ ಸಾವಿರಾರು ಜನರನ್ನು ರಾಜಸ್ಥಾನದ ದೇವಲಿ ಶಿಬಿರದಲ್ಲಿ ಕೂಡಿಹಾಕಲಾಯಿತು. ಮುಂದೆ ಅನೇಕರು ದೇಶವನ್ನೇ ಬಿಟ್ಟು ಹೋದರು.

ಅಮೆರಿಕಕ್ಕೆ ನಿಜವಾದ ಪೆಟ್ಟು ಬಿದ್ದಿದ್ದು ಬೇರೆ ಕಡೆ. 2018-19ರಲ್ಲಿ 11 ಸಾವಿರಕ್ಕೂ ಹೆಚ್ಚು ಅಮೆರಿಕನ್ ವಿದ್ಯಾರ್ಥಿಗಳು ಚೀನಾದಲ್ಲಿ ಓದಿದ್ದರು. 2021-22ರಲ್ಲಿ ಆ ಸಂಖ್ಯೆ 211. ತರಗತಿ ಉಳಿಯಿತು, ಅಲ್ಲಿಗೆ ಹೋಗಿ ಪಳಗುವ ಹಂತ ಹೋಯಿತು. ಹಾರ್ವರ್ಡ್ ತನ್ನ ಬೇಸಿಗೆ ಶಿಬಿರವನ್ನು ಬೀಜಿಂಗ್‌ನಿಂದ ತೈಪೆಗೆ ಸಾಗಿಸಿತು.

ಯಾರ ವಾದ ಏನು

ಭದ್ರತೆಯ ಕಡೆಯವರ ಆತಂಕ ಸುಳ್ಳಲ್ಲ. ಇನ್ನೊಂದು ಸರ್ಕಾರ ಸಂಬಳ ಕೊಡುವ ಮೇಷ್ಟ್ರು ನಮ್ಮ ಕ್ಯಾಂಪಸ್ಸಿನೊಳಗೆ ಕೂತರೆ ತೈವಾನ್, ಟಿಬೆಟ್, ಅರುಣಾಚಲದ ವಿಷಯ ಬಂದಾಗ ಏನಾಗುತ್ತದೆ? ಪಠ್ಯದ ಭೂಪಟದಲ್ಲಿ ಗೆರೆ ಎಲ್ಲಿರುತ್ತದೆ? ಕೆನಡಾದ ಮ್ಯಾಕ್‌ಮಾಸ್ಟರ್ ವಿವಿ 2013ರಲ್ಲಿ ತನ್ನ ಇನ್‌ಸ್ಟಿಟ್ಯೂಟ್ ಮುಚ್ಚಿದ್ದು ಇಂಥದ್ದೇ ಜಗಳದಿಂದ. ಚೀನಾ ನಿಷೇಧಿಸಿರುವ ಫಾಲುನ್ ಗಾಂಗ್ ಪಂಥದವರನ್ನು ಮೇಷ್ಟ್ರುಗಳಾಗಿ ನೇಮಿಸಬಾರದು ಅನ್ನುವ ಷರತ್ತು ಅಲ್ಲಿ ತಕರಾರಿಗೆ ಕಾರಣವಾಗಿತ್ತು.

ಚೀನಾ ಅಧ್ಯಯನ ಮಾಡುವವರ ಉತ್ತರ ನೇರವಾಗಿದೆ. ಅವರ ದುಡ್ಡು ಬೇಡ ಅನ್ನಿ, ಒಪ್ಪುತ್ತೇವೆ, ಆದರೆ ಆ ಜಾಗಕ್ಕೆ ನಿಮ್ಮ ದುಡ್ಡು ಹಾಕಿ. ಸೇನೆಗೆ, ವಿದೇಶಾಂಗ ಇಲಾಖೆಗೆ, ಪತ್ರಿಕೆಗಳಿಗೆ ಚೀನಾದ ಮೂಲ ದಾಖಲೆ ಓದಬಲ್ಲವರು ಬೇಕಲ್ಲವೇ? ಇಂಗ್ಲಿಷ್ ಅನುವಾದ ನಂಬಿ ಕೂತರೆ ಇನ್ನೊಬ್ಬರ ಕನ್ನಡಕದಲ್ಲಿ ನೋಡಿದಂತಾಗುತ್ತದೆ. ನನಗೆ ಈ ವಾದವೇ ಗಟ್ಟಿ ಅನ್ನಿಸುತ್ತದೆ. ಸರ್ಕಾರ ಮೊದಲರ್ಧ ಮಾಡಿತು, ಎರಡನೇ ಅರ್ಧ ಮರೆಯಿತು.

ಕಾರ್ಖಾನೆಯವರಿಗೆ ಇಷ್ಟು ತಾಳ್ಮೆ ಇಲ್ಲ. ಅವರಿಗೆ ಮುಂದಿನ ತಿಂಗಳು ಜನ ಬೇಕು. ಚೀನಾದಿಂದ ಬಂದ ಯಂತ್ರ, ಅದನ್ನು ಕೂರಿಸಲು ಬಂದ ಎಂಜಿನಿಯರ್, ಲೈನಿನಲ್ಲಿ ನಿಂತ ನಮ್ಮ ಡಿಪ್ಲೊಮಾ ಹುಡುಗರು. ನಡುವೆ ಒಬ್ಬ ದುಭಾಷಿ. ಟಾರ್ಕ್ ಎಷ್ಟಿರಬೇಕು, ಯಾವ ಸೆನ್ಸರ್ ತಪ್ಪು ಓದುತ್ತಿದೆ, ಯಾಕೆ ಈ ಬ್ಯಾಚು ರಿಜೆಕ್ಟ್ ಆಯಿತು ಅನ್ನುವ ಮಾತುಗಳು ಬಿಎ ಪಠ್ಯದಲ್ಲಿ ಇರುವುದಿಲ್ಲ. ಅಲ್ಲಿ ಇರುವುದು ಚೀನಿ ಹಬ್ಬಗಳು, ತಾಂಗ್ ಕಾಲದ ಕವಿತೆ, ರೈಲ್ವೆ ಸ್ಟೇಷನ್ನಿನ ಸಂಭಾಷಣೆ. ಸಾಹಿತ್ಯ ಬೇಡ ಅಂತಲ್ಲ. ಕೊನೆಯ ವರ್ಷದಲ್ಲಿ ಎಂಜಿನಿಯರಿಂಗ್ ಕಾಲೇಜಿನ ಜೊತೆ ಸೇರಿ ತಾಂತ್ರಿಕ ಚೀನಿಯನ್ನು ಒಂದು ವಿಷಯವಾಗಿ ಇಡಲು ಯಾರೂ ಅಡ್ಡಿ ಮಾಡುವುದಿಲ್ಲ, ಆದರೆ ಅದಕ್ಕೂ ಪುರುಸೊತ್ತಿರುವ ಒಬ್ಬ ಕೋಆರ್ಡಿನೇಟರ್ ಬೇಕು.

ಫೋನಿನಲ್ಲಿ ಅನುವಾದದ ಆ್ಯಪ್ ಇರುವಾಗ ಇದೆಲ್ಲ ಯಾಕೆ ಅನ್ನುವವರೂ ಇದ್ದಾರೆ. ಇಮೇಲ್, ಬಿಲ್ಲು, ಹೋಟೆಲ್ ಬುಕಿಂಗ್‌ಗೆ ಆ್ಯಪ್ ಸಾಕು. ಮೇಲ್ಮಟ್ಟ ಮುಟ್ಟದ ಸರ್ಟಿಫಿಕೇಟುಗಳ ಬೆಲೆ ಇದರಿಂದ ನಿಜಕ್ಕೂ ಇಳಿದಿದೆ. ಗದ್ದಲದ ಶಾಪ್‌ಫ್ಲೋರಿನಲ್ಲಿ, ಗುಟ್ಟಿನ ಮಾತುಕತೆಯಲ್ಲಿ, ತಪ್ಪಾದರೆ ಹೊಣೆ ಹೊರಬೇಕಾದ ಕಡೆ ಮನುಷ್ಯರೇ ಬೇಕು. ಅಂದರೆ ಆ್ಯಪ್ ಬಂದಿದ್ದರಿಂದ ಮೊದಲ ವರ್ಷದ ಚೀನಿ ಅಗ್ಗವಾಯಿತು, ಮೂರನೇ ವರ್ಷದ ಚೀನಿಗೆ ಬೆಲೆ ಹೆಚ್ಚಿತು. ನಮ್ಮ ವಿವಿಗಳು ಮಾಡುತ್ತಿರುವುದು ಇದರ ಉಲ್ಟಾ.

ಮೇಷ್ಟ್ರ ಲೆಕ್ಕ

ಯುಜಿಸಿ 2019ರಲ್ಲಿ ಅತಿಥಿ ಉಪನ್ಯಾಸಕರಿಗೆ ನಿಗದಿ ಮಾಡಿದ ಗೌರವಧನ ತರಗತಿಗೆ 1500 ರೂಪಾಯಿ, ತಿಂಗಳಿಗೆ 50,000 ರೂಪಾಯಿ ಮೀರುವಂತಿಲ್ಲ. ಅದು ಮೇಲಿನ ಮಿತಿ. ಪಾಠ ಇಲ್ಲದ ತಿಂಗಳಲ್ಲಿ ದುಡ್ಡೂ ಇಲ್ಲ. ಎಂಎ ಮುಗಿಸಿ, ಉಪನ್ಯಾಸಕರ ಅರ್ಹತಾ ಪರೀಕ್ಷೆ ನೆಟ್ ಪಾಸಾಗಿ, ಚೀನಿ ಚೆನ್ನಾಗಿ ಬರುವವರು ಯಾವುದಾದರೂ ಕಂಪನಿಗೆ ಹೋದರೆ ಅಲ್ಲಿ ಖಾಯಂ ಸಂಬಳ, ಭಾಷೆಗೆ ಬೇರೆ ಭತ್ಯೆ. ಯಾರು ಉಳಿದಾರು? ಬೇಡಿಕೆ ಏರಿದಷ್ಟೂ ಚೆನ್ನಾಗಿ ಬಲ್ಲವರು ತರಗತಿಯಿಂದ ಹೊರಗೆ ಹೋಗುತ್ತಾರೆ. ಅವರು ಹೋದಷ್ಟೂ ಮುಂದಿನ ಬ್ಯಾಚು ಸೊರಗುತ್ತದೆ.

ಇದಕ್ಕೆ ಮದ್ದು ದೊಡ್ಡದೇನಲ್ಲ. ಒಂದು ವಿಭಾಗಕ್ಕೆ ಮೂರ್ನಾಲ್ಕು ಕಾಯಂ ಹುದ್ದೆ, ಎಂಟು ಜನ ಇದ್ದರೂ ಮೇಲಿನ ತರಗತಿ ನಡೆಸುವ ಅನುಮತಿ, ವರ್ಷಕ್ಕೆ ಒಂದಿಷ್ಟು ವಿದ್ಯಾರ್ಥಿಗಳನ್ನು ನಮ್ಮ ಖರ್ಚಿನಲ್ಲಿ ಹೊರಗೆ ಕಳಿಸುವ ಹಣ. ಸುದ್ದಿಯಾಗುವಂಥ ಯೋಜನೆ ಅಲ್ಲ, ಅದಕ್ಕೇ ಆಗುತ್ತಿಲ್ಲವೇನೋ.

ತೈವಾನ್ ದಾರಿ, ದೇವನಹಳ್ಳಿ ಲೆಕ್ಕ

ಚೀನಾ ಬೇಡವಾದರೆ ತೈವಾನ್ ಇದೆಯಲ್ಲ ಅನ್ನುವ ಮಾತು ಈಗ ಜೋರಾಗಿದೆ. ಐಐಟಿ ಮದ್ರಾಸ್, ಜಾಮಿಯಾ ಮಿಲಿಯಾದಂಥ ಕಡೆ ತೈವಾನಿನ ಕೇಂದ್ರಗಳು ಕೆಲಸ ಮಾಡಿವೆ. ಭಾಷೆ ಕಲಿಯಲು ಅಲ್ಲಿನ ಸರ್ಕಾರ ಸ್ಕಾಲರ್‌ಶಿಪ್ ಕೊಡುತ್ತದೆ. ಭದ್ರತೆಯ ತಕರಾರು ಕಡಿಮೆ. ವ್ಯತ್ಯಾಸ ಇರುವುದು ಲಿಪಿಯಲ್ಲಿ. ಚೀನಾದಲ್ಲಿ ಸರಳಗೊಳಿಸಿದ ಅಕ್ಷರ, ತೈವಾನಿನಲ್ಲಿ ಹಳೆಯ ಪೂರ್ಣ ರೂಪ. ಒಂದನ್ನು ಚೆನ್ನಾಗಿ ಕಲಿತವರು ಇನ್ನೊಂದಕ್ಕೆ ಕೆಲವು ತಿಂಗಳಲ್ಲಿ ಹೊಂದಿಕೊಳ್ಳುತ್ತಾರೆ. ಆದರೆ ಇದೂ ಬೇರೆಯವರ ದುಡ್ಡೇ. ತೈಪೆಯ ಆದ್ಯತೆ ನಾಳೆ ಬದಲಾದರೆ?

ಕರ್ನಾಟಕಕ್ಕೆ ಇದು ದೂರದ ಮಾತಲ್ಲ. ದೇವನಹಳ್ಳಿ ಹತ್ತಿರ ಐಫೋನ್ ಜೋಡಿಸುವ ಫಾಕ್ಸ್‌ಕಾನ್ ತೈವಾನಿನ ಕಂಪನಿ. ಕೋಲಾರದ ನರಸಾಪುರದ ಕಾರ್ಖಾನೆ ಟಾಟಾ ಕೈಗೆ ಬರುವ ಮೊದಲು ತೈವಾನಿನ ವಿಸ್ಟ್ರಾನ್‌ದಾಗಿತ್ತು. ಚೀನಿ ಎಂಜಿನಿಯರುಗಳು ವಾಪಸ್ ಹೋದಾಗ ಉಳಿದವರು ಹೆಚ್ಚಾಗಿ ತೈವಾನಿನವರು, ಅವರ ಮಾತೂ ಮ್ಯಾಂಡರಿನ್. ನಮ್ಮಲ್ಲಿ ಮಾತ್ರ ಚೀನಿ ಕಲಿಕೆ ಇನ್ನೂ ಹೆಚ್ಚಾಗಿ ಸರ್ಟಿಫಿಕೇಟ್, ಡಿಪ್ಲೊಮಾ ಮಟ್ಟದಲ್ಲಿದೆ, 128 ಗಂಟೆಯ ಲೆಕ್ಕದಲ್ಲಿ. ಕಾರ್ಖಾನೆಗೆ ಎಕರೆಗಟ್ಟಲೆ ಜಾಗ ಕೊಡುವಾಗ ಪಕ್ಕದ ವಿವಿಯಲ್ಲಿ ನಾಲ್ಕು ಹುದ್ದೆ ಮಂಜೂರು ಮಾಡುವ ಯೋಚನೆಯನ್ನೂ ಮಾಡಬಹುದಿತ್ತು.

ಸೇರುವ ಮೊದಲು

ಮುಂದಿನ ಒಂದೆರಡು ವರ್ಷದಲ್ಲಿ ಗಮನಿಸಬೇಕಾದ್ದು ಶೃಂಗಸಭೆಯ ಫೋಟೋಗಳನ್ನಲ್ಲ. ವಿನಿಮಯ ಸ್ಕಾಲರ್‌ಶಿಪ್‌ಗಳಿಗೆ ಎಷ್ಟು ಜನ ಹೋಗುತ್ತಾರೆ, 2020ರಲ್ಲಿ ಪರಿಶೀಲನೆಗೆ ಬಿದ್ದ ಒಪ್ಪಂದಗಳ ಜಾಗಕ್ಕೆ ಏನು ಬರುತ್ತದೆ, ವಿವಿಗಳ ನೇಮಕಾತಿ ಜಾಹೀರಾತಿನಲ್ಲಿ ಚೀನಿ ಅಸಿಸ್ಟೆಂಟ್ ಪ್ರೊಫೆಸರ್ ಅನ್ನುವ ಸಾಲು ಕಾಣುತ್ತದೆಯೇ, ಇವನ್ನು ನೋಡಬೇಕು.

ವಿದ್ಯಾರ್ಥಿ ಆದವರು ಫೀಸು ಕಟ್ಟುವ ಮೊದಲು ವಿಭಾಗಕ್ಕೆ ಹೋಗಿ ಕೇಳಲಿ. ವಾರಕ್ಕೆ ಎಷ್ಟು ಗಂಟೆ ಪಾಠ? ಒಂದು ಸೆಕ್ಷನ್ನಿನಲ್ಲಿ ಎಷ್ಟು ಜನ? ಮೌಖಿಕ ಪರೀಕ್ಷೆ ಇದೆಯಾ, ಬರೀ ಲಿಖಿತವಾ? ಕಳೆದ ಬ್ಯಾಚಿನವರು ಎಚ್‌ಎಸ್‌ಕೆ ಎಷ್ಟನೇ ಹಂತ ಮುಟ್ಟಿದ್ದಾರೆ, ಹೊರಗೆ ಹೋಗಿ ಬಂದವರು ಯಾರಾದರೂ ಇದ್ದಾರಾ? ಐದನೇ ಸೆಮಿಸ್ಟರಿನ ತರಗತಿ ಯಾರು ತೆಗೆದುಕೊಳ್ಳುತ್ತಾರೆ, ಅವರು ಕಾಯಂ ಆಗಿದ್ದಾರಾ? ಕೊನೆಯ ಪ್ರಶ್ನೆಗೆ 'ನೋಡೋಣ, ಅಷ್ಟರಲ್ಲಿ ಯಾರಾದ್ರೂ ಸಿಗ್ತಾರೆ' ಅನ್ನುವ ಉತ್ತರ ಬಂದರೆ, ಅದು ಒಂದು ವರ್ಷದ ಹವ್ಯಾಸಕ್ಕೆ ಸರಿಹೋಗುವ ಕೋರ್ಸ್. ಆ ಲೆಕ್ಕದಲ್ಲೇ ಸೇರಬಹುದು.